ಸಾಕು ಅನ್ನುವ ಹಕ್ಕು

ನದಿಯ ದಂಡೆಯಲ್ಲಿ ಒಂದು ಗರಡಿಮನೆ. ಅಲ್ಲಿನ ಗುರು ಚಲುವಯ್ಯ. ಊರಿನವರೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು.

ಆ ಗರಡಿಯಲ್ಲಿ ಒಂದು ಕಟ್ಟಳೆಯಿತ್ತು. ಸಾಮು ಮಾಡುವವನು 'ಸಾಕು' ಅನ್ನಕೂಡದು. ಆ ಮಾತು ಉಸ್ತಾದರ ಬಾಯಿಂದಲೇ ಬರಬೇಕು.

ಒಂದು ಬೆಳಗ್ಗೆ ಶಿಷ್ಯ ಲಿಂಗರಾಜು ಬಂದ. ಚಪ್ಪಲಿ ಹೊರಗೆ ಬಿಟ್ಟು, ಅಖಾಡದ ಮಣ್ಣನ್ನು ಹಣೆಗೆ ಹಚ್ಚಿಕೊಂಡ. ಕೈಯಲ್ಲಿ ಬಣ್ಣಬಣ್ಣದ ಮೂರು ಕಾಗದಗಳಿದ್ದವು.

"ಪೇಟೆ ಜಿಮ್ಮಲ್ಲಿ ಟ್ರೈನರ್ ಕೆಲಸ ಸಿಕ್ತು ಉಸ್ತಾದ್ರೇ. ಸೋಮವಾರದಿಂದ."

"ಒಳ್ಳೇದಾಯ್ತು. ಮತ್ತೆ ಮುಖ ಯಾಕ್ಲಾ ಹಂಗಿದೆ?"

"ಸರ್ಟಿಫಿಕೇಟ್ ಕೇಳ್ತಾವ್ರೆ."

"ಯಾರು? ಕಲಿಯೋಕೆ ಬರೋ ಜನವಾ?"

"ಅವ್ರಲ್ಲ, ಓನರ್ರು. ಯಾವ ಕೋರ್ಸಾದ್ರೂ ಆಗ್ಲಿ, ಸೇರ್ಕೊಂಡುಬಿಡು, ಗೋಡೆಗೆ ಹಾಕೋಕೆ ಒಂದು ಬೇಕು ಅಂದ್ರು."

"ಗೋಡೆಗೆ ಬೇಕಾದ್ರೆ ಸುಣ್ಣ ಹೊಡೀಲಿ."

"ತಮಾಷೆ ಮಾಡ್ಬೇಡಿ ಉಸ್ತಾದ್ರೇ. ಮೂರು ಕೋರ್ಸ್ ನೋಡಿದ್ದೀನಿ, ಇವೇ ಅವ್ರ ಕಾಗದ. ಯಾವುದು ಸೇರ್ಲಿ ಹೇಳಿ."

ಇಂಥ ಕೋರ್ಸುಗಳಿಗೆ ಪೇಟೆಯಲ್ಲಿ ಬರವಿರಲಿಲ್ಲ. ಒಂದು ದಿನವೂ ಇನ್ನೊಬ್ಬರ ನಾಡಿ ಹಿಡಿದು ನೋಡದವರು ದೇಹದ ಪಾಠಕ್ಕೆ ಅಂಗಡಿ ತೆರೆದಿದ್ದರು. ಕಲಿಸಿದ್ದು ಕಡಿಮೆಯಾದಷ್ಟೂ ಸರ್ಟಿಫಿಕೇಟಿನ ಅಂಚಿಗೆ ಚಿನ್ನದ ಬಣ್ಣ ಹೆಚ್ಚುತ್ತಿತ್ತು.

ಉಸ್ತಾದರು ಕಾಗದಗಳನ್ನು ಮುಟ್ಟಲಿಲ್ಲ.

"ಸೋಮವಾರ ನಿನ್ನ ಕೈಗೆ ಬರೋರು ಯಾರು? ಅದು ಹೇಳು ಮೊದ್ಲು."

"ನಾಗರತ್ನ ಮೇಡಂ ಅಂತ. ಟೀಚರ್ ಆಗಿ ರಿಟೈರ್ ಆದೋರು. ಹಾರ್ಟಿಗೆ ಸ್ಟೆಂಟ್ ಹಾಕವ್ರಂತೆ. ವ್ಯಾಯಾಮ ಮಾಡಿ ಅಂತ ಡಾಕ್ಟ್ರು ಹೇಳವ್ರೆ. ನನ್ನ ನೋಡಿ, 'ನೀವು ಹೇಳಿದಷ್ಟೂ ಮಾಡ್ತೀನಿ ಸಾರ್' ಅಂದ್ರು. ನಂಗೆ ಸಾರ್ ಅಂದ್ರು ಉಸ್ತಾದ್ರೇ!"

ಲಿಂಗರಾಜು ನಕ್ಕ. ಉಸ್ತಾದರು ನಗಲಿಲ್ಲ. ಎದ್ದು ಪಂಚೆ ಎತ್ತಿ ಕಟ್ಟಿದರು.

"ಇವತ್ತು ನೀನು ಉಸ್ತಾದ್. ನಾನು ನಿನ್ನ ಗಿರಾಕಿ. ಬಸ್ಕಿ ಹೊಡೀತೀನಿ. ಹೊಡಿಸ್ತಾ ಹೊಡಿಸ್ತಾ ನಿನ್ನ ಕಾಗದ ಓದು."

"ನಿಮ್ಗೆ ಮಂಡಿ ನೋವಲ್ವಾ?"

"ಗಿರಾಕಿ ಮಂಡಿ ಗಿರಾಕಿದು. ಓದಪ್ಪ ಉಸ್ತಾದ್."

ಉಸ್ತಾದರು ಕೂತು ಎದ್ದರು. ಮತ್ತೆ ಕೂತು ಎದ್ದರು. ಲಿಂಗರಾಜು ಮೊದಲ ಕಾಗದ ಬಿಡಿಸಿದ.

"ಇದು ಎರಡೇ ದಿನದ್ದು. ಫೋನಲ್ಲೇ ಪಾಠ, ಫೋನಲ್ಲೇ ಪರೀಕ್ಷೆ. ಎಲ್ಲರೂ ಪಾಸು ಅಂತ ಅವ್ರೇ ಬರೆದವ್ರೆ."

"ಯಾರನ್ನೂ ಫೇಲ್ ಮಾಡದೋರು, ಏನು ನೋಡಿ ಪಾಸ್ ಮಾಡ್ತಾರ್ಲಾ?"

ಲಿಂಗರಾಜು ಅದನ್ನು ಮಡಿಚಿದ. ಎರಡನೆಯದನ್ನು ಬಿಡಿಸಿದ.

"ಇದಕ್ಕೆ ಹೊರದೇಶದ ಹೆಸರಿದೆ. ದೊಡ್ಡ ಮುದ್ರೆ ಹಾಕಿ ಕೊಡ್ತಾರೆ. ಪುಸ್ತಕ ಮನೆಗೇ ಕಳಿಸ್ತಾರೆ, ಓದ್ಕೊಂಡು ಬರೆದ್ರೆ ಆಯ್ತು. ದುಬೈಲೂ ನಡೀತದಂತೆ."

"ನಾಗರತ್ನಮ್ಮ... ದುಬೈಲಿದ್ದಾರಾ?"

"ಅದಲ್ಲ ಉಸ್ತಾದ್ರೇ, ಮುಂದಕ್ಕೆ ಅಂತ." ಲಿಂಗರಾಜು ಕಾಗದದ ಮೇಲಿದ್ದ ಮುದ್ರೆಯನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ವಾಲಿಸಿ ನೋಡಿದ. ಹೊಳೆಯಿತು. ಆಮೇಲೆ ಮೂರನೆಯದನ್ನು ತೆಗೆದ.

"ಇದು ನಾಲ್ಕು ತಿಂಗಳದ್ದು. ಹೃದಯ, ಕೀಲು, ಉಸಿರು ಅಂತ ಏನೇನೋ ಪಾಠ. ನಮ್ಮ ಕೈಲಿ ಜನಕ್ಕೆ ಸಾಮು ಮಾಡಿಸಿ, ಹಿಂದೆ ಒಬ್ರು ನಿಂತು ನೋಡ್ತಾರಂತೆ. ಯಾರಾದ್ರೂ ಕುಸಿದು ಬಿದ್ರೆ ಎದೆ ಹೆಂಗೆ ಒತ್ಬೇಕು ಅಂತಾನೂ ಕಲಿಸ್ತಾರೆ. ತುಂಬ ಜನ ಫೇಲ್ ಆಗ್ತಾರಂತೆ."

"ಹೂಂ."

"ಇದಂತೂ ಬ್ಯಾಡ. ಓನರ್ರು ಅಷ್ಟು ದಿನ ಎಲ್ಲಿ ಕಾಯ್ತಾರೆ? ಚಿಕ್ಕೋನಿದ್ದಾಗಿಂದ ನಿಮ್ಮ ಗರಡಿಲಿ ಮಣ್ಣು ಮೆತ್ಕೊಂಡು ಬೆಳೆದೋನು ನಾನು. ನಂಗೆ ಹಿಂದೆ ಒಬ್ಬ ನಿಂತು ಹೇಳ್ಕೊಡ್ಬೇಕಾ? ಅಲ್ವಾ ಉಸ್ತಾದ್ರೇ?"

ಉತ್ತರ ಬರಲಿಲ್ಲ.

"ಅಲ್ವಾ?"

ಲಿಂಗರಾಜು ತಲೆಯೆತ್ತಿದ.

ಉಸ್ತಾದರ ತುಟಿ ಬಿಳಿಚಿತ್ತು. ಕಂಬ ಹಿಡಿದು ಏಳುತ್ತಿದ್ದರು. ತೊಡೆ ಗಡಗಡ ನಡುಗುತ್ತಿತ್ತು. ಎದ್ದು ನಿಂತವರು ಮತ್ತೆ ಕೂರಲು ಮಂಡಿ ಬಗ್ಗಿಸಿದರು.

"ಸಾಕು! ಉಸ್ತಾದ್ರೇ, ಸಾಕು!"

ಉಸ್ತಾದರು ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತರು. ಲಿಂಗರಾಜು ಕಾಗದಗಳನ್ನು ಎಸೆದು ನೀರಿಗೆ ಓಡಿದ. ಚೊಂಬಿನಲ್ಲಿ ತಂದ ನೀರಲ್ಲಿ ಅರ್ಧ ಅವನ ಓಟಕ್ಕೇ ಚೆಲ್ಲಿಹೋಗಿತ್ತು. ಉಸ್ತಾದರಿಗೆ ಮಾತಾಡುವಷ್ಟು ಉಸಿರು ಬರಲು ಬಹಳ ಹೊತ್ತಾಯಿತು.

ಅಷ್ಟರಲ್ಲಿ ಲಿಂಗರಾಜುವಿನ ಹೆದರಿಕೆ ಸಿಟ್ಟಾಗಿತ್ತು.

"ಪ್ರಾಣ ಹೋಗಿದ್ರೆ ಏನು ಮಾಡ್ತಿದ್ರಿ? ಆಗಲ್ಲ ಅಂತ ಒಂದು ಮಾತು ಅನ್ನಬಾರ್ದಿತ್ತಾ?"

"ಗರಡಿಲಿ ಆ ಮಾತು ಯಾರದು?"

"ಉಸ್ತಾದ್ರದು."

"ಇವತ್ತು ಉಸ್ತಾದ್ ಆಗಿದ್ದು ಯಾರು?"

ಲಿಂಗರಾಜು ಚೊಂಬನ್ನು ಕೆಳಗಿಟ್ಟ.

"ಆ ಕಟ್ಟಳೆ ಯಾಕೆ ಮಾಡಿದ್ದು, ಗೊತ್ತೇನ್ಲಾ?"

"ನಾವು ಮೈಗಳ್ಳರಾಗಬಾರ್ದು ಅಂತ."

"ಥೂ. ನೀವು ಸಾಮು ಮಾಡೋವಾಗ ನಾನು ಬೇರೆ ಕಡೆ ನೋಡಬಾರ್ದು ಅಂತ ಕಣ್ಲಾ."

ನದಿ ಕಡೆಯಿಂದ ಗಾಳಿ ಬಂತು. ಎಸೆದ ಕಾಗದಗಳಲ್ಲಿ ಎರಡು ಮಗುಚಿಕೊಂಡು ಬಾಗಿಲ ತನಕ ಹೋದವು. ಲಿಂಗರಾಜು ಅವುಗಳ ಹಿಂದೆ ಹೋಗಲಿಲ್ಲ. ಕಾಲ ಬಳಿ ಉಳಿದದ್ದನ್ನು ಎತ್ತಿ ಮಣ್ಣು ಕೊಡವಿದ. ಅದು ನಾಲ್ಕು ತಿಂಗಳದ್ದು.

"ಇದಕ್ಕೇ ಸೇರ್ತೀನಿ."

"ಸೇರು."

"ಫೇಲ್ ಆದ್ರೆ?"

"ಇನ್ನೊಂದ್ಸಲ ಪರೀಕ್ಷೆಗೆ ಕೂರು. ಅಲ್ಲಿ ನೀನು ಫೇಲಾದ್ರೆ ಯಾರೂ ಸಾಯಲ್ಲ."

"ಓನರ್ರು ಕೆಲಸ ಬೇರೆಯೋರಿಗೆ ಕೊಟ್ಬಿಡ್ತಾರೆ."

"ಕೊಡ್ಲಿ. ಇಲ್ಲಿ ಮಣ್ಣು ಹದ ಮಾಡೋಕೆ ಆಳಿಲ್ಲ."

ಲಿಂಗರಾಜು ಫೋನ್ ತೆಗೆದ. ತೆಗೆದವನು ಒತ್ತದೆ ಹಾಗೇ ಹಿಡಿದುಕೊಂಡ.

"ನಾಗರತ್ನ ಮೇಡಂ ಸೋಮವಾರ ಬಂದುಬಿಡ್ತಾರಲ್ಲ. ಅವ್ರಿಗೇನು ಹೇಳ್ಲಿ?"

"ನನ್ ಹತ್ರ ಬರಬೇಡಿ ಅನ್ನು."

"ಯಾಕೆ ಅಂತ ಕೇಳಿದ್ರೆ?"

ಉಸ್ತಾದರು ಮಂಡಿ ನೀವಿಕೊಳ್ಳುತ್ತ ಹೇಳಿದರು:

"'ಮೇಡಂ, ನಂಗಿನ್ನೂ ಸಾಕು ಅನ್ನೋಕೆ ಬರಲ್ಲ' ಅನ್ನು."