ಜ್ವರಕ್ಕೆ ‘ಹೋಗಿ ಬನ್ನಿ’ ಎಂದ ಮಾಕವ್ವ

ಲೋಕ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಗಾಳಿಗೆ ಮಾತು ಬರುತ್ತಿತ್ತು, ಅದೂ ಸ್ವಲ್ಪ ಜಾಸ್ತಿಯೇ ಬರುತ್ತಿತ್ತು!

ಆ ಹೊಸ ಲೋಕದಲ್ಲಿ ಮಾಕವ್ವ ಅಂತ ಒಬ್ಬಳು ತಾಯಿ. ಮರ್ಯಾದೆ ಅಂದರೆ ಮಾಕವ್ವ. ಮನೆಗೆ ಬಂದ ಇರುವೆಗೂ ‘ಕೂತ್ಕಳಿ’ ಅನ್ನುವವಳು. ಒಂದು ದಿನ ಅವಳ ಮಗಳು ಚೆಲುವಿಗೆ ಜ್ವರ ಬಂತು. ಸಣ್ಣಪುಟ್ಟ ಜ್ವರವಲ್ಲ, ಮುಟ್ಟಿದರೆ ಕೈ ಸುಡುವ ಜ್ವರ! ಕಣ್ಣಿಗೆ ಕಾಣದ ಕ್ರಿಮಿಗಳು ಮಗುವಿನ ಗಂಟಲಲ್ಲಿ ಸಂಸಾರ ಹೂಡಿದ್ದವು. ಮಾಕವ್ವನಿಗೆ ಜೀವ ಬಾಯಿಗೆ ಬಂತು.

“ಕೊಳೆತ ಕರ್ಬೂಜದ ಮೇಲೆ ಬೂಷ್ಟಜ್ಜ ಕೂತವ್ನೆ, ಓಡು!” ಅಂದಿತು ಗಾಳಿ.

ಓಡಿದಳು. ಹಸಿರು ಗಡ್ಡದ ಬೂಷ್ಟಜ್ಜ ತನ್ನ ಬೆವರನ್ನೇ ಕುಡಿಕೆಗೆ ಬಸಿದು ಕೊಟ್ಟ. “ಕುಡಿಕೆ ತಳ ಕಾಣೋಗಂಟ ಕುಡಿಸವ್ವ. ನಡುವೆ ನಿಲ್ಲಿಸಬ್ಯಾಡ.”

ಕುಡಿಸಿದಳು. ಅಬ್ಬಾ, ಅದೇನು ಜೋರು! ತೆಳು ಚರ್ಮದ ಕ್ರಿಮಿಗಳು ಪಟಪಟನೆ ಒಡೆದುಹೋದವು. ಜ್ವರ ಇಳಿಯಿತು. ಚೆಲುವಿ ಎದ್ದು ಅಂಬಲಿ ಕೇಳಿದಳು.

ಆದರೆ ಹುಟ್ಟುತ್ತಲೇ ದಪ್ಪ ಚರ್ಮ ತಂದಿದ್ದ ನಾಲ್ಕಾರು ಕ್ರಿಮಿಗಳು ಏದುಸಿರು ಬಿಡುತ್ತ ಉಳಿದಿದ್ದವು. ಇನ್ನಷ್ಟು ಮದ್ದು ಬಿದ್ದಿದ್ದರೆ ಅವುಗಳ ಕಥೆಯೂ ಮುಗಿಯುತ್ತಿತ್ತು. ಕಿಲಾಡಿಗಳು, ಕೈಮುಗಿದವು. “ಬತ್ತೀವಿ ಕಣವ್ವ.”

ಹೊರಟವರಿಗೆ ಯಾರಾದರೂ ಬರೀ ‘ಹೋಗಿ’ ಅನ್ನುತ್ತಾರೆಯೇ? ಅಪಶಕುನ! ಮಾಕವ್ವನ ನಾಲಿಗೆ ತಾನಾಗಿ ಹೊರಳಿತು. “ಹೋಗ್ ಬನ್ರಪ್ಪ.” ಮುಂದೆ ಬೇಕಾದೀತು ಅಂತ ಉಳಿದ ಮದ್ದಿಗೆ ಮುಚ್ಚಳ ಮುಚ್ಚಿ ಎತ್ತಿಟ್ಟಳು.

ಗಾಳಿ ಹಣೆ ಚಚ್ಚಿಕೊಂಡಿತು. “ಅಯ್ಯೋ, ಕರೆದೇಬಿಟ್ಯಲ್ಲ!”

ಕರೆದ ಮೇಲೆ ಬಾರದೆ ಇರುತ್ತವೆಯೇ? ಹೋದಂತೆ ನಟಿಸಿ ಗಂಟಲ ಮೂಲೆಯಲ್ಲಿ ಅವಿತ ಕ್ರಿಮಿಗಳು ಮಕ್ಕಳನ್ನು ಹೆತ್ತವು. ಮಕ್ಕಳದ್ದೂ ದಪ್ಪ ಚರ್ಮ, ಮೊಮ್ಮಕ್ಕಳದ್ದು ಇನ್ನೂ ದಪ್ಪ! ನೆರೆಹೊರೆಯ ಕ್ರಿಮಿಗಳಿಗೂ “ದಪ್ಪ ಚರ್ಮ ಹಿಂಗೆ ಹೊಲ್ಕಳ್ರೋ” ಅಂತ ಗುಟ್ಟು ಹೇಳಿಕೊಟ್ಟವು. ಜ್ವರ ಮತ್ತೆ ಏರಿತು. ಎತ್ತಿಟ್ಟ ಮದ್ದನ್ನು ಕುಡಿಸಿದರೆ “ಆಹಾ, ತಣ್ಣಗೈತೆ!” ಅಂತ ಮೈ ತೊಳೆದುಕೊಂಡವು. ಚೆಲುವಿ ಕಣ್ಣೇ ತೆರೆಯಲಿಲ್ಲ.

“ನನ್ನ ಬೆವರಿಗೆ ಅವಿನ್ನು ಬಗ್ಗಾಕಿಲ್ಲ,” ಅಂದ ಬೂಷ್ಟಜ್ಜ. “ಮಣ್ಣಿನಡಿ ನನ್ನ ತಂಗಿ ಅವ್ಳೆ, ಬೇಡ್ಕೊ ಹೋಗು!”

ಮಾಕವ್ವ ಅಳುತ್ತಲೇ ನೆಲ ಬಗೆದಳು, ಬಗೆದಳು, ಬಗೆದಳು. ಕೊನೆಗೂ ಮಣ್ಣಿನ ತಂಗಿ ಒಂದು ಕುಡಿಕೆ ಕಹಿ ರಸ ಕೊಟ್ಟಳು. ಆ ಮದ್ದಿಗೆ ಜ್ವರ ಇಳಿಯಿತು. ಉಳಿದ ನಾಲ್ಕಾರು ಮತ್ತೆ ಕೈಮುಗಿದವು. “ಬತ್ತೀವಿ ಕಣವ್ವ.”

ಮಾಕವ್ವ ಹುಟ್ಟಿದಾಗಿನಿಂದ ಆಡದ ಮಾತು ಆಡಿದಳು. “ಹೋಗಿ! ತೊಲಗಿ! ಬರಲೇಬ್ಯಾಡಿ!” ಕೊನೆಯ ಹನಿಯನ್ನೂ ಕುಡಿಸಿ ಕುಡಿಕೆಯನ್ನು ಬೋರಲು ಹಾಕಿದಳು. ಚೆಲುವಿ ಬದುಕಿದಳು!

ಆದರೆ ಅದಕ್ಕೂ ಮೊದಲೇ ಚೆಲುವಿ ಕೆಮ್ಮಿದಾಗ ಹೊರಗೆ ಹಾರಿದ ದಪ್ಪ ಚರ್ಮದವು ಊರೂರು ಸುತ್ತುತ್ತಲೇ ಇವೆ. ಅವನ್ನೇ ಡಾಕ್ಟರು ಹಠಮಾರಿ ಬ್ಯಾಕ್ಟೀರಿಯಾ ಅನ್ನುತ್ತಾರೆ, ಒಂದು ಮದ್ದಿಗೆ ಬಗ್ಗದಿದ್ದರೆ ಇನ್ನೊಂದು ಹುಡುಕುತ್ತಾರೆ.

ಅದಕ್ಕೇ ಪುಟ್ಟಾ, ಜ್ವರ ಬಿಟ್ಟು ನೀನು ಕುಣಿದಾಡುತ್ತಿದ್ದರೂ ನಿಮ್ಮಮ್ಮ ಡಾಕ್ಟರು ಹೇಳಿದಷ್ಟೂ ಮಾತ್ರೆ ನುಂಗಿಸಿಯೇ ಬಿಡುತ್ತಾಳೆ. ಬಂದ ನೆಂಟರಿಗೆಲ್ಲ ‘ಹೋಗಿ ಬನ್ನಿ’ ಅನ್ನುವವಳು ಜ್ವರಕ್ಕೆ ಮಾತ್ರ ಅನ್ನುವುದಿಲ್ಲ.