ವಸ್ತಾದನೂ ಅಂಗೈಯಗಲದ ಜಟ್ಟಿಯೂ

ಮೈಸೂರಿನ ಒಂದು ಗರಡಿ ಮನೆಯಲ್ಲಿ ಸಿದ್ದಪ್ಪಾಜಿ ಎಂಬ ವಸ್ತಾದನಿದ್ದ. ವಸ್ತಾದ ಅಂದರೆ ಕುಸ್ತಿ ಕಲಿಸುವ ಗುರು, ಮಕ್ಕಳೇ. ಆನೆಯಂಥ ಆಳು. ಹಿಡಿದ ಪಟ್ಟು ಬಿಟ್ಟವನೇ ಅಲ್ಲ. ಅಖಾಡದಲ್ಲಿ ಅದು ಒಳ್ಳೆಯದೇ. ಮನೆಯಲ್ಲೂ ಹಾಗೇ ಇದ್ದನಲ್ಲ, ಅದೇ ಕಷ್ಟ!

ಅವನಿಗೊಬ್ಬ ಅಭಿಮಾನಿ ನಾಯಿಮರಿಯೊಂದನ್ನು ತಂದುಕೊಟ್ಟ. ಬೆಳೆದರೂ ಬೆಕ್ಕಿನಷ್ಟೇ ಆಗುವ ಪುಟ್ಟ ಜಾತಿ ಅದು. ವಸ್ತಾದ ಅದಕ್ಕೆ ಜಟ್ಟಿ ಅಂತ ಹೆಸರಿಟ್ಟ. "ಇದೂ ನನ್ನ ಶಿಷ್ಯನೇ. ಬೆಳಿಗ್ಗೆ ಒಂದು ಊಟ, ಸಂಜೆ ಒಂದು ಊಟ. ನಡುವೆ ತಾಲೀಮು," ಎಂದ.

ಹೆಂಡತಿ ದೇವಮ್ಮಣ್ಣಿ ತಡೆದಳು. "ಅಯ್ಯೋ, ಅದರ ಹೊಟ್ಟೆ ನಿಂಬೆಹಣ್ಣಿನಷ್ಟೂ ಇಲ್ಲ ಕಣ್ರೀ. ಆಗಾಗ ಚೂರುಚೂರು ಹಾಕ್ಬೇಕು."

"ಗರಡೀಲಿ ಮುದ್ದು ನಡೆಯಲ್ಲ ಕಣೇ. ಹಸಿವು ತಡ್ಕೊಂಡವನೇ ಪೈಲ್ವಾನ."

ಒಂದು ದಿನ ಬೆಳಿಗ್ಗೆ ಮರಿ ಊಟ ಮೂಸಿ ಬಿಟ್ಟುಬಿಟ್ಟಿತು. "ಹಸಿದರೆ ತಾನೇ ತಿನ್ನುತ್ತೆ," ಎಂದು ವಸ್ತಾದ ತಟ್ಟೆ ಎತ್ತಿಸಿದ. ಮರಿ ಬರಿಹೊಟ್ಟೆಯಲ್ಲೇ ಶಿಷ್ಯರ ಹಿಂದೆ ಓಡಿತು, ಕುಣಿಯಿತು. ಮಧ್ಯಾಹ್ನದ ಹೊತ್ತಿಗೆ ಕುಡಿದವರ ಹಾಗೆ ತೂರಾಡತೊಡಗಿತು. ಶಿಷ್ಯರೆಲ್ಲ ನಕ್ಕರು. ಆಮೇಲೆ ನಡುಗಿತು. "ಹೆದ್ರಿದೆ, ಗಟ್ಟಿಯಾಗ್ಲಿ ಬಿಡ್ರೋ," ಎಂದ ವಸ್ತಾದ. ಕೊನೆಗೆ ಒಂದು ಮೂಲೆಯಲ್ಲಿ ಬಿದ್ದುಕೊಂಡಿತು. "ಸುಸ್ತಾಗಿದೆ, ಮಲಗ್ಲಿ," ಎಂದ. ಪ್ರತಿಯೊಂದಕ್ಕೂ ಅವನ ಬಳಿ ಉತ್ತರವಿತ್ತು ನೋಡಿ!

ಕೂಗಿದರೆ ಓಡಿ ಬರುವ ಮರಿ ಬರಲಿಲ್ಲವೆಂದು ದೇವಮ್ಮಣ್ಣಿ ಹುಡುಕಿಕೊಂಡು ಬಂದಳು. ಎತ್ತಿಕೊಂಡರೆ ಮೈ ತಣ್ಣಗೆ, ಕತ್ತು ಜೋತುಬಿದ್ದಿದೆ. ಅವಳು ದಿನ ತುಂಬುವ ಮುಂಚೆ ಹುಟ್ಟಿದ ಮಗಳನ್ನು ಎದೆಗವಚಿಕೊಂಡು ಉಳಿಸಿಕೊಂಡಿದ್ದ ತಾಯಿ. ನೋಡಿದ ತಕ್ಷಣ ತಿಳಿಯಿತು.

"ಇದು ನಿದ್ದೆಯಲ್ಲ! ಹಸಿವಿಗೆ ಜೀವ ಹೋಗ್ತಿದೆ!"

ವಸ್ತಾದ ಹಾಲಿನ ಲೋಟ ಹಿಡಿದು ಓಡಿಬಂದ.

"ಬೇಡ! ಎಚ್ಚರ ಇಲ್ಲದ ಬಾಯಿಗೆ ಹುಯ್ದರೆ ಶ್ವಾಸಕ್ಕೆ ಹೋಗುತ್ತೆ. ಜೇನುತುಪ್ಪ ಕೊಡಿ."

ಅವಳು ಬೆರಳ ತುದಿಯಲ್ಲಿ ಜೇನು ಅದ್ದಿ ಮರಿಯ ವಸಡಿಗೆ ಸವರಿದಳು. ಅದು ಮಿಸುಕಲಿಲ್ಲ. ಮತ್ತೆ ಸವರಿದಳು. ನಾಲಿಗೆ ಸ್ವಲ್ಪ ಆಡಿತು. ಅಷ್ಟು ಕಂಡದ್ದೇ ವಸ್ತಾದ ಮರಿಯನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡ. ಮೈತುಂಬ ಕೆಮ್ಮಣ್ಣು, ಸೊಂಟಕ್ಕೆ ಬರೀ ಲಂಗೋಟಿ. ಬೀದಿಯವರು ಬಾಯಿಬಿಟ್ಟು ನೋಡುತ್ತಿದ್ದರೂ ಲೆಕ್ಕಿಸದೆ ದನದ ಆಸ್ಪತ್ರೆಗೆ ಓಡಿದ. "ಇದು ಉಳೀಲೇಬೇಕು, ಡಾಕ್ಟ್ರೇ!"

ನಡೆದದ್ದನ್ನೆಲ್ಲ ಕೇಳಿಕೊಂಡು ಡಾಕ್ಟರು ಗ್ಲೂಕೋಸ್ ಹಾಕಿದರು. ಮರಿ ನಿಧಾನವಾಗಿ ಕಣ್ಣು ಬಿಟ್ಟಿತು.

"ರಕ್ತದಲ್ಲಿ ಸಕ್ಕರೆ ಇಳಿದುಹೋಗಿತ್ತು. ಇಂಥ ಪುಟ್ಟ ಮರಿಗಳ ಮೈಯಲ್ಲಿ ಕೂಡಿಟ್ಟ ಶಕ್ತಿ ಇರೋದಿಲ್ಲ. ಮೂರು ನಾಲ್ಕು ಗಂಟೆಗೊಮ್ಮೆ ತಿನ್ನಿಸಿ, ಬೆಚ್ಚಗಿಡಿ, ಅತಿಯಾಗಿ ಆಡಿಸಬೇಡಿ. ಊಟ ಬಿಟ್ಟರೆ, ತೂರಾಡಿದರೆ, ನಡುಗಿದರೆ, ಮಂಕಾದರೆ ಕಾಯ್ತಾ ಕೂರಬೇಡಿ. ಜೇನು ಸವರಿ ಇಲ್ಲಿಗೆ ಬನ್ನಿ. ನಿಮ್ಮ ಹೆಂಡತಿ ಜೇನು ಸವರದಿದ್ದರೆ ಇವತ್ತು ಇದು ಉಳೀತಿರಲಿಲ್ಲ," ಎಂದರು.

ಮರಿ ಚೇತರಿಸಿಕೊಂಡು ಮನೆಗೆ ಬಂದ ಮೇಲೆ ವಸ್ತಾದ ಹೊಸ ಪಟ್ಟು ಹಿಡಿದ. ಭರ್ಜರಿ ಕುಸ್ತಿ ನಡೆಯುತ್ತಿದ್ದರೂ ಹೊತ್ತಾಯಿತೆಂದರೆ "ನಿಲ್ಸ್ರೋ!" ಎಂದು ಎದ್ದುಹೋಗಿ ಮರಿಗೆ ತಿನ್ನಿಸಿ ಬರುತ್ತಿದ್ದ. ಒಬ್ಬ ಶಿಷ್ಯ ಕಿಚಾಯಿಸಿದ: "ಹಸಿವು ತಡ್ಕೊಂಡವನೇ ಪೈಲ್ವಾನ ಅಂತಿದ್ರಲ್ಲ ವಸ್ತಾದ್ರೇ?"

ಗರಡಿಯವರೆಲ್ಲ ವಸ್ತಾದನತ್ತ ತಿರುಗಿದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜನ ಅವರು. ವಸ್ತಾದ ಮರಿಯ ಬಾಯಿ ಒರೆಸುತ್ತ ಹೇಳಿದ:

"ನಾನು ಬಿದ್ದೆ ಕಣೋ, ಮೀಸೇನೂ ಮಣ್ಣಾಯ್ತು. ಮರಿ ಉಳೀತಲ್ಲ, ಅಷ್ಟು ಸಾಕು."

ನೀತಿ: ದೊಡ್ಡವರ ನಿಯಮವನ್ನು ಪುಟ್ಟ ಜೀವದ ಮೇಲೆ ಹೊರಿಸಬಾರದು. ಅದು ಹಸಿವನ್ನು ಬಾಯಲ್ಲಿ ಹೇಳುವುದಿಲ್ಲ, ಮೈಯಲ್ಲಿ ತೋರಿಸುತ್ತದೆ. ನೋಡಿ ತಿಳಿಯುವುದು ಸಾಕಿದವರ ಕೆಲಸ. ಹಟ ಹಿಡಿಯುವುದಾದರೆ ನಮ್ಮ ಮಾತು ಗೆಲ್ಲಲೆಂದು ಬೇಡ, ಜೀವ ಉಳಿಯಲೆಂದು ಹಿಡಿಯೋಣ.