ಹುಣಸೆಹಣ್ಣು ಹಚ್ಚಿದ ದುಡ್ಡು

ಇನಾಮದಾರ ಸಾಹೇಬರಿಗೆ ಹಳೆಯ ನಾಣ್ಯಗಳ ಹುಚ್ಚು. ಒಂದೊಂದರ ಫೋಟೊ ತೆಗೆದು, ಭೂತಗನ್ನಡಿ ಹಿಡಿದು ದರ್ಜೆ ಕೊಡುತ್ತಿದ್ದರು. ಕಸ ಗುಡಿಸುವ ನೀಲವ್ವನಿಗೆ ದಿನಾ ಒಂದೇ ಗದರಿಕೆ: "ಇವಕ್ಕ ಒರಸೂ ಅರಿವಿ ತಾಗಿಸಬ್ಯಾಡ! ತಿಕ್ಕಿದ ನಾಣ್ಯ ಸತ್ತಂಗ!"

ಒಮ್ಮೆ ನೀಲವ್ವನ ಎಲೆಯಡಿಕೆ ಚೀಲದಿಂದ ತಾಮ್ರದ ದುಡ್ಡೊಂದು ಉರುಳಿತು. ತೀರಿಹೋದ ಅವ್ವನದು. ಅವ್ವನ ಬೆರಳಾಡಿ ಆಡಿ ಕಪ್ಪಾಗಿತ್ತು.

ಸಾಹೇಬರ ಕಣ್ಣು ಅರಳಿತು. "ಎಂಥಾ ಬಣ್ಣ! ಮೊದಲ ದರ್ಜೆ! ಇದು ನನಗ ಬೇಕು. ಕೊಡೂದಿಲ್ಲಂದ್ರ ಕೆಲಸಕ್ಕ ಬರಬ್ಯಾಡ."

"ಇವತ್ತೊಂದಿನ ದೇವರ ಮುಂದ ಇಟ್ಟು, ನಾಳೆ ತರ್ತೀನ್ರಿ."

ಮರುದಿನ ಸಾಹೇಬರು ಕ್ಯಾಮೆರಾ ಹೂಡಿ ಕಾದಿದ್ದರು. ನೀಲವ್ವ ದುಡ್ಡು ಇಟ್ಟಳು. ಅದು ಹೊಸ ತಂಬಿಗೆಯಂತೆ ಫಳಫಳ ಹೊಳೆಯಿತು.

"ಅಯ್ಯೋ! ಏನ ಮಾಡಿದಿ ಇದಕ್ಕ?"

"ದೊಡ್ಡವರ ಕೈಗೆ ಹೊಲಸ ಹ್ಯಾಂಗ ಕೊಡ್ಲಿರಿ? ಹುಣಸಿಹಣ್ಣು ಹಚ್ಚಿ ತಿಕ್ಕೀನ್ರಿ."

"ಕೊಂದಿ, ಕೊಂದಿ! ಇದಕ್ಕ ದರ್ಜೆನೇ ಇಲ್ಲ. ಒಯ್ಯಿ!"

ನೀಲವ್ವ ತಲೆ ತಗ್ಗಿಸಿ ಒಯ್ದಳು. ದಾರಿಯಲ್ಲಿ ಮೂಸಿ ನೋಡಿದಳು. ಅವ್ವನ ಸುಣ್ಣ-ಅಡಿಕೆಯ ವಾಸನೆ ಇರಲಿಲ್ಲ, ಬರೀ ಹುಳಿ. ಮೆಲ್ಲಗೆ ಅದರ ಮೇಲೆ ಹೆಬ್ಬೆರಳು ಆಡಿಸತೊಡಗಿದಳು.

"ನಿನ್ನ ಕಪ್ಪು ನಾನೇ ಕಳದೆ, ಅವ್ವಾ. ನನ್ನ ಕೈಯ ಕಪ್ಪು ಹತ್ತೂತನಕ ನನ್ನ ಜೋಡಿ ಇರು."